ಪ್ಯಾನೆಲ್ ಒಳಗಿರುವ ಆ ಸಿಮ್ ಯಾರದು?

ಹೋದ ತಿಂಗಳ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ: ‘ಪಿಎಲ್‌ಸಿಗೆ ಯಾರು ಏನು ಹೇಳಿದರೂ ಹೂಂ ಅನ್ನುತ್ತದೆ, ನೀನು ಯಾರು ಅಂತ ಕೇಳುವುದಿಲ್ಲ.’ ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಪಿಎಲ್‌ಸಿ ಅಂದರೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಾರ್ಖಾನೆಯ ಪ್ಯಾನೆಲ್ ಒಳಗೆ ಕೂತು ಯಾವ ಮೋಟಾರ್ ಯಾವಾಗ ಓಡಬೇಕು, ಯಾವ ವಾಲ್ವ್ ಯಾವಾಗ ತೆರೆಯಬೇಕು ಅಂತ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಅದು. ತುಮಕೂರಿನ ಸುತ್ತಮುತ್ತ ಇಪ್ಪತ್ತೇಳು ವರ್ಷ ನಾನು ಇವುಗಳ ಜೊತೆಗೇ ಏಗಿದವಳು. ಪತ್ರ ಬರೆದವರ ಊರು ಮಾತ್ರ ಹಾಕಿದ್ದೇನೆ. ಹೆಸರು ಬೇಡ ಅಂತ ಬಹಳ ಜನ ಕೇಳಿಕೊಂಡಿದ್ದಾರೆ. ಕೆಲಸದ ಪ್ರಶ್ನೆ ಅಲ್ವಾ.

ವಸಂತನರಸಾಪುರದಿಂದ: ನಮ್ಮದು ಹಣ್ಣಿನ ಪಲ್ಪ್ ಮಾಡುವ ಸಣ್ಣ ಘಟಕ. ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಮೊನ್ನೆ ಪ್ಯಾನೆಲ್ ಧೂಳು ಹೊಡೆಯುವಾಗ ಒಳಗೆ ಸಿಮ್ ಹಾಕಿದ ಒಂದು ರೂಟರ್ ಕಂಡಿತು. ಮೆಷಿನ್ ಕೊಟ್ಟವರು ನಾಲ್ಕು ವರ್ಷದ ಹಿಂದೆ ಹಾಕಿ ಹೋಗಿದ್ದಂತೆ. ಯಜಮಾನರಿಗೆ ಹೇಳಿದರೆ, ‘ಇರಲಿ ಬಿಡಯ್ಯ, ಕೆಟ್ಟಾಗ ಅವರು ಕೂತಲ್ಲಿಂದಲೇ ಸರಿ ಮಾಡ್ತಾರೆ. ನಮ್ಮಂಥ ಸಣ್ಣ ಫ್ಯಾಕ್ಟರಿಗೆ ಯಾವ ಹ್ಯಾಕರ್ ಬರ್ತಾನೆ’ ಅಂದರು. ತೆಗೆಯಲಾ, ಬಿಡಲಾ ಮೇಡಂ?

ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಅಂಥದ್ದೇ ರೂಟರ್ ಒಂದನ್ನು ಅಂತರಸನಹಳ್ಳಿ ಕಡೆಯ ಒಂದು ಎಣ್ಣೆ ಕಾರ್ಖಾನೆಯಲ್ಲಿ ನಾನೇ ನಿಂತು ಹಾಕಿಸಿದ್ದೆ. ಮೆಷಿನ್ ಕೊಟ್ಟವರು ಇದ್ದದ್ದು ಇನ್ನೊಂದು ರಾಜ್ಯದಲ್ಲಿ. ಪ್ರತಿ ಸಲ ಅವರ ಹುಡುಗ ಬರಬೇಕು, ಟಿಕೆಟ್, ಲಾಡ್ಜ್, ಎರಡು ದಿನ ಉತ್ಪಾದನೆ ಬಂದ್. ರೂಟರ್ ಬಂದ ಮೇಲೆ ಫೋನ್ ಮಾಡಿದರೆ ಸಾಕು, ಅರ್ಧ ಗಂಟೆಯಲ್ಲಿ ಸರಿ. ಎರಡು ವರ್ಷ ನಾನು ಎಲ್ಲರಿಗೂ ಅದನ್ನು ಹೊಗಳಿಕೊಂಡು ತಿರುಗಿದೆ.

ಒಂದು ಮಧ್ಯಾಹ್ನ ಊಟಕ್ಕೆ ಡಬ್ಬಿ ಬಿಚ್ಚಿದ್ದೆ. ಇಡೀ ಲೈನ್ ನಿಂತುಹೋಯಿತು. ಕರೆಂಟ್ ಇದೆ, ಯಾವ ಮೋಟಾರೂ ಟ್ರಿಪ್ ಆಗಿಲ್ಲ, ಪಿಎಲ್‌ಸಿಯ ಮೇಲೆ ಮಾತ್ರ ಸ್ಟಾಪ್ ದೀಪ. ಆಮೇಲೆ ಗೊತ್ತಾದದ್ದು ಇಷ್ಟು: ಆ ಕಂಪನಿಯ ಸರ್ವಿಸ್ ಇಂಜಿನಿಯರ್ ಬೇರೆ ಯಾವುದೋ ಗಿರಾಕಿಯ ಮೆಷಿನ್ ಸರಿ ಮಾಡುತ್ತಿದ್ದ. ನಮ್ಮದೂ ಅವನ ಲ್ಯಾಪ್‌ಟಾಪ್‌ನಲ್ಲಿ ತೆರೆದುಕೊಂಡಿತ್ತು. ಎರಡೂ ಕಡೆ ಪಿಎಲ್‌ಸಿಯ ವಿಳಾಸ ಒಂದೇ, 192.168.0.1. ಯಾವುದು ಯಾರದು ಅಂತ ನೋಡದೆ ಆ ಗಿರಾಕಿಯ ಪ್ರೋಗ್ರಾಂ ನಮ್ಮ ಪಿಎಲ್‌ಸಿಗೆ ಇಳಿಸಲು ಹೋಗಿದ್ದ. ಸ್ಟೀಮ್ ವಾಲ್ವ್‌ಗೆ ಸ್ಪ್ರಿಂಗ್ ಇತ್ತು, ತಾನಾಗಿ ಮುಚ್ಚಿಕೊಂಡಿತು, ಅದೊಂದು ಪುಣ್ಯ. ಆದರೆ ಪೈಪಿನಲ್ಲಿದ್ದ ಪಾಮ್ ಎಣ್ಣೆ ತಣ್ಣಗಾಗಿ ಗಟ್ಟಿಯಾಯಿತು. ಅದನ್ನು ಕರಗಿಸಿ ಬಿಡಿಸಲು ಒಂದೂವರೆ ದಿನ ಹಿಡಿಯಿತು.

ಆ ಹುಡುಗ ಕಳ್ಳನಲ್ಲ. ಸುಸ್ತಾಗಿದ್ದ, ಅಷ್ಟೇ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನು ನಮಗೆ ಹೇಳದೆ ಒಳಗೆ ಬರಬಹುದಾದರೆ, ಅವನ ಲ್ಯಾಪ್‌ಟಾಪ್ ಕದ್ದವನೂ ಬರಬಹುದು, ಅವನ ಪಾಸ್‌ವರ್ಡ್ ತಿಳಿದವನೂ ಬರಬಹುದು. ಬಾಗಿಲು ಮಾಡಿದ್ದು ಯಾರು? ನಾನೇ. ನಮ್ಮ ಕಸುಬಿನಲ್ಲಿ ನಾನು ಕಂಡ ತೂತುಗಳೆಲ್ಲ ಹೀಗೇ. ಯಾರೋ ಹೊರಗಿನಿಂದ ಕೊರೆದದ್ದಲ್ಲ. ನಮಗೆ ಸಲೀಸಾಗಲಿ ಅಂತ ನಾವೇ ಬಿಟ್ಟದ್ದು.

ಇನ್ನು ನಿಮ್ಮ ಯಜಮಾನರ ಮಾತು. ನಿಮ್ಮ ಫ್ಯಾಕ್ಟರಿಯ ಹೆಸರು ಹುಡುಕಿಕೊಂಡು ಯಾರೂ ಬರುವುದಿಲ್ಲ, ನಿಜ. ಹಾಗೆ ಹುಡುಕುವ ಅಗತ್ಯವೇ ಇಲ್ಲ. ಶೋಡಾನ್ ಅಂತ ಒಂದು ಹುಡುಕುತಾಣವಿದೆ. ಗೂಗಲ್ ವೆಬ್ ಪುಟಗಳನ್ನು ಹುಡುಕಿದ ಹಾಗೆ ಅದು ಇಂಟರ್ನೆಟ್‌ಗೆ ನೇರ ತಗುಲಿಕೊಂಡಿರುವ ಉಪಕರಣಗಳನ್ನು ಹುಡುಕಿ ಪಟ್ಟಿ ಕೊಡುತ್ತದೆ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ ಅನ್ನುವ ಸಣ್ಣ ಊರಿನ ನೀರು ಸರಬರಾಜಿನವರಿಗೆ ಆದದ್ದು ಇದೇ. ನೀರಿನ ಒತ್ತಡ ನೋಡಿಕೊಳ್ಳುತ್ತಿದ್ದ ಪಿಎಲ್‌ಸಿ ಇಂಟರ್ನೆಟ್‌ಗೆ ಬಯಲಾಗಿತ್ತು. ಆ ಜಾತಿಯ ಉಪಕರಣಗಳು ಕಂಪನಿಯಿಂದ ಬರುವಾಗ ಇರುತ್ತಿದ್ದ ಪಾಸ್‌ವರ್ಡ್ 1111. ಆ ಊರಿನ ಮೇಲೆ ಯಾರಿಗೂ ಹಗೆ ಇರಲಿಲ್ಲ. ಉಪಕರಣ ಇಸ್ರೇಲಿನದು, ದಾಳಿ ಮಾಡಿದವರು ಇರಾನ್ ಕಡೆಯವರು. ಅಷ್ಟೇ ಕಾರಣ. ಸಿಬ್ಬಂದಿ ಕೂಡಲೇ ಅದನ್ನು ಬಿಡಿಸಿ ಕೈಯಿಂದ ಪಂಪ್ ನಡೆಸಿದರು, ನೀರಿಗೇನೂ ಆಗಲಿಲ್ಲ.

ಪಿಎಲ್‌ಸಿ ಇಷ್ಟು ಸಾಧು ಯಾಕೆ ಅಂದರೆ, ಇವುಗಳಲ್ಲಿ ಬಹಳಷ್ಟು ಮಾತಾಡುವ ಮಾಡ್‌ಬಸ್ ಅನ್ನೋ ಭಾಷೆ ಹುಟ್ಟಿದ್ದು 1979ರಲ್ಲಿ. ಆಗ ತಂತಿ ಈ ಪ್ಯಾನೆಲ್‌ನಿಂದ ಆ ಪ್ಯಾನೆಲ್‌ಗೆ ಹೋಗುತ್ತಿತ್ತು. ಕಾಂಪೌಂಡ್ ದಾಟುತ್ತಿರಲಿಲ್ಲ. ಒಳಗಿರುವವರೆಲ್ಲ ನಮ್ಮವರೇ. ಹಾಗಾಗಿ ಪಾಸ್‌ವರ್ಡ್ ಕೇಳುವ ಏರ್ಪಾಡೇ ಅದರಲ್ಲಿ ಇಡಲಿಲ್ಲ. ‘ತಾಪಮಾನ 85ರ ಬದಲು 120 ಮಾಡು’ ಅಂತ ಒಂದು ಸಾಲು ಬಂದರೆ ಮಾಡಿಬಿಡುತ್ತದೆ. ಈಗ ಆ ತಂತಿಯ ತುದಿಗೆ ನಾವು ಸಿಮ್ ಸಿಕ್ಕಿಸಿದ್ದೇವೆ.

ರೂಟರ್ ಕಿತ್ತು ಎಸೆಯಬೇಡಿ. ಕಿತ್ತರೆ ಮುಂದಿನ ಬ್ರೇಕ್‌ಡೌನ್‌ನಲ್ಲಿ ಯಜಮಾನರೇ ಯಾರದೋ ಮೊಬೈಲ್ ಹಾಟ್‌ಸ್ಪಾಟ್ ಹಾಕಿಸುತ್ತಾರೆ, ಅದು ಇನ್ನೂ ಕೆಟ್ಟದ್ದು. ಮೊದಲು ಆ ಸಿಮ್ ಯಾರ ಹೆಸರಿನಲ್ಲಿದೆ, ರೀಚಾರ್ಜ್ ಯಾರು ಮಾಡಿಸುತ್ತಿದ್ದಾರೆ ನೋಡಿ. ಇಂಟರ್ನೆಟ್‌ನಿಂದ ಯಾರು ಬೇಕಾದರೂ ನೇರ ತಟ್ಟಬಹುದಾದ ವಿಳಾಸ ಅದಕ್ಕಿದ್ದರೆ ಇವತ್ತೇ ಮುಚ್ಚಿಸಿ. ವಿಪಿಎನ್ (ಇಂಟರ್ನೆಟ್‌ನಲ್ಲೇ ಬೀಗ ಹಾಕಿದ ಖಾಸಗಿ ದಾರಿ) ಮೂಲಕ, ಪಾಸ್‌ವರ್ಡ್ ಜೊತೆಗೆ ಒಟಿಪಿಯೂ ಇದ್ದರೆ ಮಾತ್ರ ಒಳಗೆ ಅನ್ನಿ. ಆಮೇಲೆ ಎಲೆಕ್ಟ್ರಿಷಿಯನ್‌ನನ್ನು ಕರೆದು ರೂಟರ್‌ನ ಕರೆಂಟ್ ಲೈನಿಗೆ ಒಂದು ಕೀ ಸ್ವಿಚ್ ಹಾಕಿಸಿ, ಪ್ಯಾನೆಲ್ ಬಾಗಿಲ ಮೇಲೆ ಒಂದು ಹಳದಿ ದೀಪ. ಕೀ ಶಿಫ್ಟ್ ಇನ್‌ಚಾರ್ಜ್ ಹತ್ತಿರ. ಮೆಷಿನ್ ಕೊಟ್ಟವರು ಫೋನ್ ಮಾಡಿ ಕೇಳಿದಾಗ ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್. ದೀಪ ಉರಿಯುತ್ತಿದ್ದರೆ ಒಳಗೆ ಯಾರೋ ಬರಬಹುದು ಅಂತ ಕಸ ಗುಡಿಸುವವರಿಗೂ ಗೊತ್ತಾಗುತ್ತದೆ. ನಾನು ಎಣ್ಣೆ ಕಾರ್ಖಾನೆಯಲ್ಲಿ ಕೊನೆಗೆ ಮಾಡಿಸಿದ್ದು ಇದನ್ನೇ. ಜಾಸ್ತಿ ಖರ್ಚಿಲ್ಲ.

ಇನ್ನೊಂದು. ಕೆಲವು ಪಿಎಲ್‌ಸಿಗಳ ಮೇಲೇ ಒಂದು ಕೀ ಇರುತ್ತದೆ, ರನ್ ಮತ್ತು ಪ್ರೋಗ್ರಾಂ ಅಂತ. ಅದನ್ನು ರನ್‌ಗೆ ತಿರುಗಿಸಿ ಕೀ ತೆಗೆದಿಡಿ. 2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯ ಸುರಕ್ಷತಾ ಕಂಟ್ರೋಲರ್‌ಗಳ ಒಳಕ್ಕೇ ಟ್ರೈಟನ್ ಅನ್ನುವ ವೈರಸ್ ಹೊಕ್ಕಿತು. ಅಲ್ಲಿ ಕೀ ಪ್ರೋಗ್ರಾಂನಲ್ಲೇ ಉಳಿದಿತ್ತು.

ಚಿಂತಾಮಣಿ ತಾಲ್ಲೂಕಿನಿಂದ: ಅಕ್ಕ, ನಾನು ರೈತ. ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೀನಿ. ರಾತ್ರಿ ಹೊತ್ತು ತಾನಾಗೇ ಮೋಟಾರ್ ಆನ್ ಆಗ್ತದೆ. ಪಕ್ಕದ ತೋಟದವನು ಹ್ಯಾಕ್ ಮಾಡಿದ್ದಾನೆ ಅಂತ ಅನುಮಾನ. ಕಂಪ್ಲೇಂಟ್ ಕೊಡಲಾ?

ಸ್ಟೇಷನ್‌ಗೆ ಹೋಗುವ ಮುಂಚೆ ಸ್ಟಾರ್ಟರ್ ಡಬ್ಬಿಯ ಆಟೋ ಸ್ವಿಚ್ ನೋಡಿ ಅಣ್ಣ. ಅದು ಆಟೋದಲ್ಲಿದ್ದರೆ ತ್ರೀ ಫೇಸ್ ಬಂದ ತಕ್ಷಣ ಮೋಟಾರ್ ಎದ್ದೇಳುತ್ತದೆ. ರಾತ್ರಿ ಪಾಳಿಯಲ್ಲಿ ಕರೆಂಟ್ ಕೊಟ್ಟರೆ ರಾತ್ರಿಯೇ ಏಳುತ್ತದೆ. ಪಾಪ, ಪಕ್ಕದವರು ನಿದ್ದೆಯಲ್ಲಿರುತ್ತಾರೆ.

ಅದಲ್ಲದಿದ್ದರೆ ಒಳಗಿನ ಸಿಮ್ ನೋಡಿ. ಕೆಲವು ಸ್ಟಾರ್ಟರ್‌ಗಳಲ್ಲಿ ನಿಮ್ಮ ನಂಬರ್ ನೋಂದಾಯಿಸದೆ ಬಿಟ್ಟರೆ ಯಾರ ಮಿಸ್ಡ್ ಕಾಲ್ ಬಂದರೂ ಮೋಟಾರ್ ಆನ್. ಆ ಸಿಮ್ ನಂಬರ್ ಮೊದಲು ಬೇರೆಯವರದಾಗಿದ್ದರೆ ಮುಗಿಯಿತು. ಅವರ ನೆಂಟರು, ಸಾಲ ಕೊಟ್ಟವರು, ಎಲ್ಲರೂ ನಿಮ್ಮ ಮೋಟಾರಿಗೆ ಫೋನ್ ಮಾಡುತ್ತಾರೆ. ಅಂಗಡಿಯವರನ್ನು ಕರೆಸಿ ನಿಮ್ಮದು, ಮನೆಯವರದು ಎರಡೇ ನಂಬರ್ ಹಾಕಿಸಿ. ಡಬ್ಬಿ ಬಂದಾಗ ಇದ್ದ ಪಾಸ್‌ವರ್ಡ್ ಬದಲಾಯಿಸಿ. ಸಿಮ್ ನಂಬರನ್ನು ಶೆಡ್ಡಿನ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದಿದ್ದರೆ ಅಳಿಸಿ. ಬರೆದಿರುತ್ತೀರಿ, ನನಗೆ ಗೊತ್ತು.

ಇದಕ್ಕಿಂತ ಮುಖ್ಯ ಒಂದಿದೆ. ನಿಮ್ಮ ಕಡೆ ಬೋರ್ ಸಾವಿರ ಅಡಿ ದಾಟಿರುತ್ತದೆ. ನೀರಿಲ್ಲದೆ ಓಡಿ ಮೋಟಾರ್ ಸುಟ್ಟರೆ ಎತ್ತುವ ಖರ್ಚೇ ಸಾವಿರಗಟ್ಟಲೆ. ಡ್ರೈ ರನ್ ಸೆಟ್ಟಿಂಗ್ ಸರಿಯಾಗಿದೆಯಾ ನೋಡಿಸಿ. ಆನ್ ಮಾಡಿದ್ದು ನೀವಾಗಲಿ, ಕಳ್ಳನಾಗಲಿ, ನೀರು ಬರದಿದ್ದರೆ ಅದು ತಾನೇ ನಿಲ್ಲಿಸುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಬಾಯ್ಲರ್‌ನ ಸೇಫ್ಟಿ ವಾಲ್ವ್ ಮಾಡುವ ಕೆಲಸವೂ ಇದೇ. ಅದು ಯಾವ ಕಂಪ್ಯೂಟರ್ ಮಾತನ್ನೂ ಕೇಳುವುದಿಲ್ಲ, ಒತ್ತಡ ಹೆಚ್ಚಾದರೆ ತೆರೆದುಕೊಳ್ಳುತ್ತದೆ.

ತುಮಕೂರಿನಿಂದ, ಡಿಪ್ಲೊಮಾ ವಿದ್ಯಾರ್ಥಿನಿ: ಇಂಟರ್ನೆಟ್‌ಗೆ ಸೇರಿಸದೇ ಇದ್ದರೆ ಪ್ಲಾಂಟ್ ಪೂರ್ತಿ ಸೇಫ್ ಅಂತ ನಮ್ಮ ತರಗತಿಯಲ್ಲಿ ಹೇಳಿದರು. ನಿಜವಾ ಮೇಡಂ?

ಅರ್ಧ ನಿಜ. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂವರ್ಧಿಸುವ (ಎನ್‌ರಿಚ್ ಮಾಡುವ) ಘಟಕ ಹೊರಗಿನ ಇಂಟರ್ನೆಟ್‌ಗೆ ಸೇರಿರಲಿಲ್ಲ. ಆದರೂ ಸ್ಟಕ್ಸ್‌ನೆಟ್ ಅನ್ನುವ ವೈರಸ್ ಒಳಗೆ ಹೋಯಿತು. ಅದು ಬಯಲಾದದ್ದು 2010ರಲ್ಲಿ. ಪೆನ್‌ಡ್ರೈವ್ ಮೂಲಕ ಹರಡುವಂತೆ ಅದನ್ನು ಮಾಡಿದ್ದರು. ಸೀಮನ್ಸ್ ಪಿಎಲ್‌ಸಿ ಸಿಗುವ ತನಕ ಸುಮ್ನೆ ಇರುತ್ತಿತ್ತು. ಸಿಕ್ಕ ಮೇಲೆ, ಸುಮಾರು 1064 ಹರ್ಟ್ಸ್‌ನಲ್ಲಿ ಓಡಬೇಕಾದ ಡ್ರೈವ್‌ಗಳನ್ನು (ಮೋಟಾರಿನ ವೇಗ ನಿಯಂತ್ರಿಸುವ ಉಪಕರಣ) 1410ಕ್ಕೆ ಏರಿಸುವುದು, ಒಮ್ಮೆ 2 ಹರ್ಟ್ಸ್‌ಗೆ ಇಳಿಸುವುದು. ಯುರೇನಿಯಂ ಬೇರ್ಪಡಿಸಲು ಗಿರಗಿರ ತಿರುಗುವ ಸೆಂಟ್ರಿಫ್ಯೂಜ್‌ಗಳು ಕೆಟ್ಟವು. ನನಗೆ ಇವತ್ತಿಗೂ ಮೈ ಜುಮ್ ಅನ್ನಿಸುವುದು ಅದಲ್ಲ. ಅಷ್ಟೂ ಹೊತ್ತು ಆಪರೇಟರ್‌ಗಳ ಪರದೆ ಮೇಲೆ ಎಲ್ಲವೂ ಸರಿಯಾಗಿದೆ ಅಂತ ಅದು ತೋರಿಸುತ್ತಿತ್ತು.

ಅದಕ್ಕೇ ನಾನು ಹೋದ ಪ್ಲಾಂಟ್‌ಗಳಲ್ಲೆಲ್ಲ ಪೈಪಿನ ಮೇಲಿನ ಡಯಲ್ ಗೇಜ್ ತೆಗೆಯಲು ಬಿಡುತ್ತಿರಲಿಲ್ಲ. ‘ಸ್ಕಾಡಾದಲ್ಲೇ ಬರುತ್ತೆ ಮೇಡಂ, ಇದೇನಕ್ಕೆ’ ಅಂತ ಹುಡುಗರು ಗೊಣಗುತ್ತಿದ್ದರು. ಸ್ಕಾಡಾ ಅಂದರೆ ಇಡೀ ಪ್ಲಾಂಟನ್ನು ಪರದೆ ಮೇಲೆ ತೋರಿಸಿ ನಡೆಸುವ ಕಂಪ್ಯೂಟರ್ ವ್ಯವಸ್ಥೆ. ಶಿಫ್ಟಿಗೆ ಒಂದು ಸಲ ಗೇಜ್ ಓದಿ, ಪರದೆಯ ಸಂಖ್ಯೆ ಪಕ್ಕದಲ್ಲಿ ಬರೆಯಿರಿ ಅಂತ ಲಾಗ್ ಬುಕ್‌ನಲ್ಲಿ ಒಂದು ಕಾಲಂ ಜಾಸ್ತಿ ಹಾಕಿಸಿದೆ. ಹ್ಯಾಕರ್ ಯಾರೂ ಸಿಗಲಿಲ್ಲ. ಪರದೆಗೆ ಅಳತೆ ಕಳಿಸುವ ಟ್ರಾನ್ಸ್‌ಮಿಟರ್‌ಗಳಲ್ಲಿ ಕೆಟ್ಟುಹೋದ ಎರಡು ಸಿಕ್ಕವು.

ಸರ್ವಿಸ್ ಲ್ಯಾಪ್‌ಟಾಪ್ ಬಗ್ಗೆಯೂ ಗೊತ್ತಿರಲಿ. ಅದು ಕೋಲೆ ಬಸವನ ಹಾಗೆ ಊರೂರು ತಿರುಗಿ ಬರುತ್ತದೆ, ಯಾವ ಊರಿನ ಧೂಳು ತಂದಿದೆಯೋ. 2018ರ ಆಗಸ್ಟ್‌ನಲ್ಲಿ ತೈವಾನಿನ ದೊಡ್ಡ ಚಿಪ್ ತಯಾರಕರಾದ ಟಿಎಸ್‌ಎಂಸಿಯ ಕಾರ್ಖಾನೆಗಳು ನಿಂತದ್ದು, ಹೊಸ ಉಪಕರಣವೊಂದನ್ನು ವೈರಸ್ ತಪಾಸಣೆ ಮಾಡದೆ ನೆಟ್‌ವರ್ಕ್‌ಗೆ ಸೇರಿಸಿದ್ದರಿಂದ. ಪ್ಲಾಂಟಿಗೆ ಅಂತಲೇ ಒಂದು ಲ್ಯಾಪ್‌ಟಾಪ್ ಇಡಿ. ಅದರಲ್ಲಿ ಮೇಲ್ ಬೇಡ, ಸಿನಿಮಾ ಬೇಡ.

ಹಿರೇಹಳ್ಳಿಯಿಂದ: ನಮ್ಮ ಸ್ಕಾಡಾ ಕಂಪ್ಯೂಟರ್ ಇನ್ನೂ ವಿಂಡೋಸ್ ಎಕ್ಸ್‌ಪಿ. ಬದಲಾಯಿಸಿದರೆ ಸಾಫ್ಟ್‌ವೇರ್ ಓಡುವುದಿಲ್ಲ ಅನ್ನುತ್ತಾರೆ. ಏನು ಮಾಡಲಿ?

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್‌ನಲ್ಲಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಬಂದಾಗ ಅದಕ್ಕೆ ಒಂದು ದುರಸ್ತಿ ಬಿಟ್ಟರು. ಕನಿಷ್ಠ ಅದನ್ನಾದರೂ ಹಾಕಿಸಿದ್ದೀರಾ? ಹೊಸದು ಕೊಳ್ಳಿ ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಹೊಸ ಸ್ಕಾಡಾ ಲೈಸೆನ್ಸ್ ಬೆಲೆ ಕೇಳಿದರೆ ನಿಮ್ಮ ಯಜಮಾನರು ನನ್ನ ಮೇಲೇ ರೇಗುತ್ತಾರೆ. ಅಲ್ಲಿಯವರೆಗೆ ಆ ಕಂಪ್ಯೂಟರನ್ನು ಮಡಿಯಲ್ಲಿಡಿ. ಟ್ಯಾಲಿ, ಸಿಸಿ ಕ್ಯಾಮೆರಾ, ವೈಫೈ ಎಲ್ಲ ಸೇರಿರುವ ಸ್ವಿಚ್‌ನಿಂದ ಅದರ ಕೇಬಲ್ ಬೇರೆ ಮಾಡಿ. ನಡುವೆ ಒಂದು ಫೈರ್‌ವಾಲ್ ಹಾಕಿ, ಬೇಕಾದ ಒಂದೆರಡು ದಾರಿ ಬಿಟ್ಟು ಉಳಿದದ್ದು ಮುಚ್ಚಿಸಿ.

ಮತ್ತೆ ಬ್ಯಾಕಪ್. ಎಲ್ಲರೂ ‘ಇದೆ’ ಅನ್ನುತ್ತಾರೆ. ಒಂದು ಕಡೆ ಬೀರುವಿನಿಂದ ಸಿಡಿ ತೆಗೆದುಕೊಟ್ಟರು, ಮೇಲೆ ಬೂಷ್ಟು ಹಿಡಿದಿತ್ತು. ಹೇಗೋ ಓದಿಸಿದೆವು. ಅದರಲ್ಲಿದ್ದದ್ದು ಪ್ಲಾಂಟ್ ಮೊದಲು ಶುರು ಮಾಡಿದ ದಿನದ ಪ್ರೋಗ್ರಾಂ. ಆಮೇಲೆ ಹನ್ನೊಂದು ವರ್ಷದಲ್ಲಿ ಮಾಡಿದ ಯಾವ ಬದಲಾವಣೆಯೂ ಇರಲಿಲ್ಲ. ಹಾರ್ಡ್ ಡಿಸ್ಕ್‌ನ ಪೂರ್ತಿ ನಕಲು ಮಾಡಿಸಿ, ಭಾನುವಾರ ಅದನ್ನೇ ಹಾಕಿ ಪ್ಲಾಂಟ್ ಓಡಿಸಿ ನೋಡಿ. ಓಡಿದರೆ ಅದು ಬ್ಯಾಕಪ್. ಪಿಎಲ್‌ಸಿ ಪ್ರೋಗ್ರಾಂ, ಡ್ರೈವ್‌ಗಳ ಪ್ಯಾರಾಮೀಟರ್ ಎರಡೂ ಸೇರಿರಲಿ. ಡ್ರೈವ್‌ನದು ಎಲ್ಲರೂ ಮರೆಯುತ್ತಾರೆ.

ಶಿರಾದಿಂದ: ಪಿಎಲ್‌ಸಿಗೆ ಯಾವ ಆಂಟಿವೈರಸ್ ಒಳ್ಳೆಯದು?

ಪಿಎಲ್‌ಸಿಗೆ ಆಂಟಿವೈರಸ್ ಹಾಕಲು ಬರುವುದಿಲ್ಲ. ಹಾಕುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಟೀ ಕುಡಿಸಿ ಕಳಿಸಿ.

ಕೋಲಾರದಿಂದ: ನಮ್ಮ ಪಂಪ್‌ಹೌಸ್‌ನಲ್ಲಿ ಕಾಂಟ್ರಾಕ್ಟ್ ಮುಗಿದು ಹೋದ ಒಬ್ಬ ಹುಡುಗನಿಗೆ ಪಾಸ್‌ವರ್ಡ್ ಎಲ್ಲ ಗೊತ್ತು. ಒಳ್ಳೆ ಹುಡುಗ, ಈಗಲೂ ಫೋನ್ ಮಾಡಿದರೆ ಸಹಾಯ ಮಾಡುತ್ತಾನೆ. ಬದಲಾಯಿಸಿದರೆ ಅವನಿಗೆ ಬೇಜಾರಾಗಲ್ವಾ?

ಬಾಡಿಗೆ ಮನೆ ಬಿಟ್ಟು ಹೋದವರು ಬೀಗದ ಕೈ ಕೊಟ್ಟು ಹೋಗುತ್ತಾರೆ. ಅವರ ಮೇಲೆ ಅನುಮಾನ ಅಂತ ಅಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮರೂಚಿ ಅನ್ನುವ ಕಡೆ 2000ದಲ್ಲಿ ಕೆಲಸ ಬಿಟ್ಟುಹೋದವನೊಬ್ಬ ಏನು ಮಾಡಿದ ಕೇಳಿ. ಒಳಚರಂಡಿ ಪಂಪ್‌ಗಳಿಗೆ ರೇಡಿಯೊ ಕಂಟ್ರೋಲ್ ಹಾಕಿದ ಕಂಪನಿಯಲ್ಲಿ ಕೆಲಸ ಮಾಡಿದ್ದವನು. ಆ ಕೆಲಸ ಬಿಟ್ಟು ಅಲ್ಲಿನ ಕೌನ್ಸಿಲ್‌ನಲ್ಲಿ ಕೆಲಸ ಕೇಳಿದ, ಸಿಗಲಿಲ್ಲ. ಲ್ಯಾಪ್‌ಟಾಪ್, ರೇಡಿಯೊ ಹಿಡಿದುಕೊಂಡು ಪಂಪ್‌ಗಳ ಜೊತೆ ಆಟವಾಡಿದ. ಎಂಟು ಲಕ್ಷ ಲೀಟರ್ ಕೊಳಚೆ ಪಾರ್ಕು, ಹೊಳೆ, ಒಂದು ಹೋಟೆಲಿನ ಅಂಗಳಕ್ಕೆಲ್ಲ ಹರಿಯಿತು. ನಿಮಗೆ ಟ್ಯಾಂಕರ್ ಲೆಕ್ಕ ಚೆನ್ನಾಗಿ ಗೊತ್ತು: ಹತ್ತು ಸಾವಿರ ಲೀಟರ್‌ನದಾದರೆ ಎಂಬತ್ತು ಲೋಡು. ಅವನಿಗೆ ಎರಡು ವರ್ಷ ಜೈಲಾಯಿತು. ಇದರಲ್ಲಿ ನನಗೆ ನಮ್ಮವರೇ ನೆನಪಾಗುವುದು ಯಾಕೆ ಅಂದರೆ, ಮೊದಮೊದಲು ಅಲ್ಲಿನವರೂ ಇದು ಉಪಕರಣದ ದೋಷ ಅಂತಲೇ ಹುಡುಕಾಡುತ್ತಿದ್ದರು.

ಪಾಸ್‌ವರ್ಡ್ ಬದಲಾಯಿಸಿ, ಹುಡುಗನಿಗೂ ಫೋನ್ ಮಾಡಿ ಹೇಳಿ. ಮುಂದೆ ಏನಾದರೂ ಹೆಚ್ಚುಕಡಿಮೆ ಆದಾಗ ಅವನ ಹೆಸರು ಎತ್ತಲು ಯಾರಿಗೂ ಕಾರಣ ಇರುವುದಿಲ್ಲ. ಅವನಿಗೇ ಅದು ಒಳ್ಳೆಯದು.

ಗೌರಿಬಿದನೂರಿನಿಂದ: ಪರಿಚಯದವರ ಕಾರ್ಖಾನೆಯಲ್ಲಿ ಬೆಳಿಗ್ಗೆ ಬಂದು ನೋಡಿದರೆ ಕಂಪ್ಯೂಟರ್‌ನಲ್ಲಿ ದುಡ್ಡು ಕೊಡಿ ಅನ್ನುವ ಸಂದೇಶ. ಫೈಲ್ ಯಾವುದೂ ತೆರೆಯುತ್ತಿರಲಿಲ್ಲ. ನಮಗೆ ಹಾಗಾದರೆ ಮೊದಲು ಏನು ಮಾಡಬೇಕು?

ಕಂಪ್ಯೂಟರ್ ಆಮೇಲೆ. ಮೊದಲು ಬಾಯ್ಲರ್, ಕಂಪ್ರೆಸರ್, ಬಿಸಿಯಾಗುತ್ತಿರುವುದು, ತಿರುಗುತ್ತಿರುವುದು ಏನಿದೆಯೋ ಅದನ್ನು ಲೋಕಲ್‌ಗೆ ತಿರುಗಿಸಿ ಕೈಗೆ ತೆಗೆದುಕೊಳ್ಳಿ, ಇಲ್ಲವೇ ಸರಿಯಾದ ಕ್ರಮದಲ್ಲಿ ನಿಲ್ಲಿಸಿ. ಆಮೇಲೆ ನೆಟ್‌ವರ್ಕ್ ಕೇಬಲ್ ಬಿಚ್ಚಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಹೇಗೆ ಬಂತು ಅನ್ನುವ ಸುಳಿವು ಹೋಗುತ್ತದೆ. ಪರದೆಯ ಫೋಟೊ ತೆಗೆದಿಡಿ. ಇಂಥದ್ದನ್ನು ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನಲ್ಲಿ ಆದೇಶ ಬಂದಿದೆ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ.

ಆಫೀಸ್ ಕಂಪ್ಯೂಟರ್ ಹಾಳಾದರೆ ಪ್ಲಾಂಟ್‌ಗೇನು ಅನ್ನಬೇಡಿ. 2021ರ ಮೇ ತಿಂಗಳಲ್ಲಿ ಪೈಪಿನಲ್ಲಿ ಪೆಟ್ರೋಲ್ ಸಾಗಿಸುವ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯಲ್ಲಿ ಹಾಳಾದದ್ದು ಆಫೀಸಿನ ಕಡೆಯದು. ಕಳ್ಳರು ಒಳಗೆ ಬಂದದ್ದು ಯಾರೂ ಬಳಸದೇ ಬಿಟ್ಟಿದ್ದ ಒಂದು ವಿಪಿಎನ್ ಖಾತೆಯಿಂದ, ಅದಕ್ಕೆ ಒಟಿಪಿ ಇರಲಿಲ್ಲ. ಎಣ್ಣೆಯ ಪೈಪನ್ನು ಯಾರೂ ಮುಟ್ಟದಿದ್ದರೂ ಭಯಕ್ಕೆ ಅವರೇ ಅದನ್ನು ನಿಲ್ಲಿಸಿದರು. ಬಂಕ್‌ಗಳ ಮುಂದೆ ಸಾಲು ನಿಂತಿತು.

ನಿಮಗೆ ನನ್ನ ಪ್ರಶ್ನೆ ಒಂದಿದೆ. ಸ್ಕಾಡಾ ಇಲ್ಲದೆ ನಿಮ್ಮ ಪ್ಲಾಂಟ್ ನಡೆಸಬಲ್ಲವರು ಈಗ ಎಷ್ಟು ಜನ ಇದ್ದಾರೆ? 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ಕಂಪನಿಗಳಲ್ಲಿ ಆಪರೇಟರ್‌ಗಳ ಕಣ್ಣೆದುರೇ ಮೌಸ್ ತಾನಾಗಿ ಓಡಾಡಿ ಬ್ರೇಕರ್‌ಗಳನ್ನು ಬಿಡಿಸಿತು. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ಆದರೆ ಕೆಲವೇ ಗಂಟೆಗಳಲ್ಲಿ ವಾಪಸ್ ಬಂತು. ಲೈನ್‌ಮನ್‌ಗಳು ಸಬ್‌ಸ್ಟೇಷನ್‌ಗೆ ಹೋಗಿ ಕೈಯಿಂದ ಹಾಕಿದರು. ಅವರಿಗೆ ಹಳೇ ಪದ್ಧತಿ ಮರೆತಿರಲಿಲ್ಲ. ನಮ್ಮಲ್ಲಿ ಅದು ಗೊತ್ತಿದ್ದವರು ರಿಟೈರ್ ಆಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಅವರನ್ನು ಒಂದು ದಿನ ಕರೆಸಿ, ಊಟ ಹಾಕಿಸಿ, ಹೊಸ ಹುಡುಗರಿಂದ ಮ್ಯಾನ್ಯುಯಲ್‌ನಲ್ಲಿ ಒಂದು ಬ್ಯಾಚ್ ಓಡಿಸಿ.

ಮಾಲೂರಿನಿಂದ, ಒಬ್ಬ ಗೃಹಿಣಿ: ನಮ್ಮೆಜಮಾನರು ನೈಟ್ ಶಿಫ್ಟ್ ಆಪರೇಟರ್. ಮೆಷಿನ್ ಪರದೆಯ ಯುಎಸ್‌ಬಿಯಲ್ಲಿ ಮೊಬೈಲ್ ಚಾರ್ಜ್‌ಗೆ ಹಾಕಿದ್ದಕ್ಕೆ ಮೆಮೊ ಕೊಟ್ಟಿದ್ದಾರೆ. ಚಾರ್ಜ್ ಹಾಕಿದರೆ ಅಂಥಾ ತಪ್ಪೇನು?

ತಪ್ಪೇ ತಾಯಿ. ಆ ತೂತಿನಲ್ಲಿ ಕರೆಂಟ್ ಮಾತ್ರ ಅಲ್ಲ, ಫೈಲೂ ಓಡಾಡುತ್ತದೆ. ಮೊಬೈಲ್‌ನಲ್ಲಿ ಏನು ಸೇರಿಕೊಂಡಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಆದರೆ ಮೆಮೊ ಕೊಟ್ಟ ಸಾಹೇಬರಿಗೂ ಒಂದು ಮಾತು, ಈ ಪುಟ ಅವರಿಗೆ ತೋರಿಸಿ: ಎಂಟು ಗಂಟೆ ರಾತ್ರಿ ಪಾಳಿ ಮಾಡುವವನಿಗೆ ಮನೆಯಿಂದ ಫೋನ್ ಬಂದರೆ ಎತ್ತಬೇಕಲ್ವಾ? ಪ್ಯಾನೆಲ್‌ನ ಯುಎಸ್‌ಬಿಗೆ ಮುಚ್ಚಳ ಹಾಕಿಸಿ, ಆಪರೇಟರ್ ಕುರ್ಚಿಯ ಪಕ್ಕದ ಗೋಡೆಗೆ ಒಂದು ಐದು ಆಂಪಿಯರ್ ಸಾಕೆಟ್ ಹಾಕಿಸಿಕೊಡಿ. ಎಲೆಕ್ಟ್ರಿಷಿಯನ್‌ಗೆ ಒಂದು ಗಂಟೆಯ ಕೆಲಸ.